ಕಾಳೀ ಕಣಿವೆಯ ಕಾಗೆಬಂಗಾರ

ಹಳಿಯಾಳದ ಪೇಟೆಯ ಒಂದು ಓಣಿಯಲ್ಲಿ, ಸುಟ್ಟ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿಯೊಂದರ ಬೆಂಚಿನ ಮೇಲೆ, ನಮ್ಮ ಮನೆಯ ಮುದಿ ಇಸ್ತ್ರಿಪೆಟ್ಟಿಗೆಯನ್ನು ರಿಪೇರಿಗೆ ಕೊಟ್ಟು ನಾನು ಕುಳಿತಿದ್ದೆ. ವಯಸ್ಸಾದ ಮೇಸ್ತ್ರಿಯವರು ಪೆಟ್ಟಿಗೆಯ ಬೆನ್ನನ್ನು ಬಿಚ್ಚಿ, ಒಳಗಿನ ಕಬ್ಬಿಣದ ಭಾರವನ್ನು ಎತ್ತಿಟ್ಟು, ಅದರಡಿಯಿಂದ ಅಂಗೈಯಗಲದ, ಇಸ್ತ್ರಿಪೆಟ್ಟಿಗೆಯದೇ ಆಕಾರದ ತೆಳುಹಾಳೆಯೊಂದನ್ನು ಎರಡು ಬೆರಳುಗಳಲ್ಲಿ ಹಿಡಿದು ಹೊರತೆಗೆದರು. ಚಪ್ಪಟೆಯಾದ ತಂತಿಯೊಂದು ಅದನ್ನು ಸುತ್ತುಸುತ್ತಾಗಿ ಬಳಸಿಕೊಂಡು ಒಂದೆಡೆ ತುಂಡಾಗಿತ್ತು. ತಂತಿಯ ಅಡಿಯ ಹಾಳೆ ಮಾತ್ರ, ಅಂಚಿನಲ್ಲಿ ತುಸು ಕಂದಿದ್ದರೂ, ಬಾಗಿಲ ಬೆಳಕಿಗೆ ಬಂದೊಡನೆ ಮೀನಿನ ಹುರುಪೆಯಂತೆ ಮಿನುಗಿತು. “ಕಾಗಿ ಬಂಗಾರ ರೀ ಇದು” ಎಂದರು ಮೇಸ್ತ್ರಿಯವರು, “ಬೆಂಕ್ಯಾಗ ಒಗದ್ರೂ ಏನೂ ಆಗಂಗಿಲ್ಲ. ಸುಟ್ಟಿದ್ದು ತಂತಿ, ಇದಲ್ಲ.”

ಕಾಗೆಬಂಗಾರವೆಂದರೆ ಅಭ್ರಕ. ಬಂಗಾರವಲ್ಲದಿದ್ದರೂ ಬಂಗಾರದಂತೆ ಹೊಳೆಯುವುದರಿಂದ, ಹೊಳೆಯುವುದನ್ನು ಕಂಡಲ್ಲೆಲ್ಲ ಎರಗುವ ಕಾಗೆಗೆ ಅದನ್ನು ಒಪ್ಪಿಸಿ, ಜನ ಆ ಹೆಸರನ್ನಿಟ್ಟಿರಬೇಕು. ಆದರೆ ನಮ್ಮ ನಾಡಿನ ವಿದ್ಯುತ್ತಿನ ಚರಿತ್ರೆಯನ್ನು ಬಲ್ಲವರಿಗೆ ಈ ಹೆಸರಿನಲ್ಲಿ ಒಂದು ಅನ್ಯಾಯವೂ ತೋರದಿರದು. ಅಣೆಕಟ್ಟನ್ನು ಕಟ್ಟಿದವರನ್ನೂ, ನೀರನ್ನು ಇಳಿಸಿದವರನ್ನೂ, ತಾಮ್ರದ ತಂತಿಯನ್ನು ಊರೂರಿಗೆ ಎಳೆದವರನ್ನೂ ನಾವು ನೆನೆಯುತ್ತೇವೆ. ಆ ತಂತಿಯೊಳಗಿನ ಶಕ್ತಿಯು ದಾರಿತಪ್ಪಿ ಕಬ್ಬಿಣಕ್ಕೋ ಮಣ್ಣಿಗೋ ಮನುಷ್ಯನ ಮೈಗೋ ಹರಿದುಹೋಗದಂತೆ ಅಡ್ಡ ನಿಂತ ಮಣ್ಣು, ಕಲ್ಲು, ಕಾಗದ, ಅರಗುಗಳನ್ನು ಮಾತ್ರ ಯಾರೂ ನೆನೆಯುವುದಿಲ್ಲ. ಒಂದು ಯಂತ್ರ ಎಷ್ಟು ಶಕ್ತಿಯನ್ನು ಕೊಡಬಲ್ಲುದು, ಎಷ್ಟು ವರ್ಷ ಬಾಳಬಲ್ಲುದು ಎಂಬ ಎರಡು ಪ್ರಶ್ನೆಗಳಿಗೂ ಉತ್ತರವನ್ನು ಕೊಡುವುದು ಬಹುಮಟ್ಟಿಗೆ ಅದರ ತಾಮ್ರವಲ್ಲ, ತಾಮ್ರಕ್ಕೆ ಹೊದಿಸಿದ ಕವಚ ಎಷ್ಟು ಕಾವನ್ನು ತಾಳೀತೆಂಬ ಸಂಗತಿಯೇ. ಕಾಳೀ ನದಿಯ ಕಣಿವೆಯ ದಾಂಡೇಲಿ, ಹಳಿಯಾಳ, ಜೋಯಿಡಾಗಳಲ್ಲಿ, ನೆರೆಯ ಮುಂಡಗೋಡ ಸೀಮೆಯಲ್ಲಿ ಕಳೆದ ಮುಕ್ಕಾಲು ಶತಮಾನದಲ್ಲಿ ನಡೆದ ವಿದ್ಯುತ್ತಿನ ಕಥೆಯನ್ನು ಈ ಕವಚದ ಕಡೆಯಿಂದ ನೋಡಿದರೆ, ಅಣೆಕಟ್ಟಿನ ಕಡೆಯಿಂದ ಕಾಣದ ಕೆಲವು ಸಂಗತಿಗಳು ಕಾಣುತ್ತವೆ.

ತೊಡಕು ಎಲ್ಲಿದೆಯೆಂಬುದನ್ನು ಮೊದಲು ಹೇಳಬೇಕು. ವಿದ್ಯುತ್ತನ್ನು ತಡೆಯುವ ವಸ್ತುಗಳಿಗೆ ಲೋಕದಲ್ಲಿ ಕೊರತೆಯಿಲ್ಲ; ಒಣಗಿದ ಕಟ್ಟಿಗೆ, ಹತ್ತಿಯ ನೂಲು, ರೇಷ್ಮೆ, ಮೇಣ, ಎಣ್ಣೆ, ಕಾಗದ, ಎಲ್ಲವೂ ತಡೆಯುತ್ತವೆ. ಕಾವನ್ನು ತಾಳುವ ವಸ್ತುಗಳಿಗೂ ಕೊರತೆಯಿಲ್ಲ. ಕಬ್ಬಿಣವಿದೆ, ತಾಮ್ರವಿದೆ, ಕರಿಸೀಸವಿದೆ. ಎರಡೂ ಗುಣಗಳು ಒಂದೇ ಮೈಯಲ್ಲಿ ಕೂಡಿರುವುದು ಮಾತ್ರ ಅಪರೂಪ. ಲೋಹಗಳು ಕಾವನ್ನು ತಾಳುತ್ತವೆ, ಆದರೆ ವಿದ್ಯುತ್ತನ್ನು ಹರಿಯಗೊಡುತ್ತವೆ. ಹತ್ತಿಯೂ ಕಾಗದವೂ ವಿದ್ಯುತ್ತನ್ನು ತಡೆಯುತ್ತವೆ, ಆದರೆ ಕಾವೇರಿದಂತೆ ಕಂದಿ, ಕರಕಲಾಗಿ, ಕೊನೆಗೆ ಇದ್ದಿಲಾಗುತ್ತವೆ. ಇದ್ದಿಲೋ ಸ್ವತಃ ವಿದ್ಯುದ್ವಾಹಕ! ಎಂದರೆ ಕಾವಲಿಗೆ ನಿಂತವನೇ ಕಳ್ಳನ ಕಡೆಗೆ ಸೇರಿದಂತಾಯಿತು. ಗಾಜು ಕೂಡ, ತಣ್ಣಗಿರುವಾಗ ಅಷ್ಟು ನಿಷ್ಠೆಯಿಂದ ವಿದ್ಯುತ್ತನ್ನು ತಡೆಯುವುದು, ಕೆಂಪಗೆ ಕಾದಾಗ ಸಡಿಲವಾಗಿ ದಾರಿ ಬಿಡತೊಡಗುತ್ತದೆ. ಎರಡೂ ಪರೀಕ್ಷೆಗಳಲ್ಲಿ ಗೆಲ್ಲುವವು ಭೂಮಿಯ ಗರ್ಭದಲ್ಲಿಯೇ ಬೆಂಕಿಯನ್ನು ಕಂಡು ಹುಟ್ಟಿದ ಕೆಲವು ಖನಿಜಗಳು, ಮತ್ತು ಕುಂಬಾರನ ಭಟ್ಟಿಯಲ್ಲಿ ಎರಡನೆಯ ಹುಟ್ಟು ಪಡೆದ ಕೆಲವು ಮಣ್ಣುಗಳು.

ಖನಿಜಗಳಲ್ಲಿ ಅಗ್ರಸ್ಥಾನ ಅಭ್ರಕದ್ದು. ವಿದ್ಯುತ್ತಿನ ಹೆಸರೇ ಇಲ್ಲದ ಕಾಲದಲ್ಲಿ ನಮ್ಮ ರಸಶಾಸ್ತ್ರದ ಪಂಡಿತರು ಈ ವಸ್ತುವನ್ನು ಬೆಂಕಿಗೆ ಹಾಕಿ ಪರೀಕ್ಷಿಸಿ ನಾಲ್ಕು ಜಾತಿಗಳನ್ನು ಗುರುತಿಸಿದ್ದರೆಂಬುದು ಇಲ್ಲಿ ಸ್ಮರಣೀಯವಾಗಿದೆ: ಬೆಂಕಿಗೆ ಬಿದ್ದೊಡನೆ ದಳದಳವಾಗಿ ಬಿಚ್ಚಿಕೊಳ್ಳುವುದು ಪಿನಾಕ, ಕಪ್ಪೆಯಂತೆ ಸದ್ದು ಮಾಡುವುದು ದರ್ದುರ, ಹಾವಿನಂತೆ ಬುಸುಗುಟ್ಟುವುದು ನಾಗ, ಏನೂ ಆಗದೆ, ಹಾಕಿದಂತೆಯೇ ಇರುವುದು ವಜ್ರ. ಔಷಧಕ್ಕೆ ಯೋಗ್ಯವಾದುದು ವಜ್ರಾಭ್ರಕವೊಂದೇ ಎಂದು ಅವರ ನಿರ್ಣಯ. ಅಭ್ರಕದ ಪದರಪದರಗಳ ನಡುವೆ ರಚನೆಯ ಅಂಗವಾಗಿಯೇ ಸೇರಿಕೊಂಡಿರುವ ಜಲಾಂಶವು ಕಾವಿಗೆ ಬಿಡುಗಡೆ ಹೊಂದಿ ಹೊರಬರುವಾಗ ಪದರಗಳು ಉಬ್ಬಿ ಬಿಚ್ಚಿಕೊಳ್ಳುತ್ತವೆಯೆಂದೂ, ಬಿಳಿಯ ಅಭ್ರಕದಲ್ಲಿ ಈ ಕ್ರಿಯೆ ಸುಮಾರು 600 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ತೊಡಗಿದರೆ ಕಂದು ಛಾಯೆಯ ಇನ್ನೊಂದು ಬಗೆ ಅದಕ್ಕಿಂತ ಬಹಳ ಹೆಚ್ಚಿನ ಕಾವನ್ನು ಸಹಿಸುವುದೆಂದೂ ಇಂದಿನ ಖನಿಜಶಾಸ್ತ್ರಜ್ಞರು ಹೇಳುತ್ತಾರೆ. ವೈದ್ಯನು ರೋಗಿಗಾಗಿ ಮಾಡಿದ ಪರೀಕ್ಷೆಯೂ ಎಂಜಿನಿಯರನು ಯಂತ್ರಕ್ಕಾಗಿ ಮಾಡಿದ ಪರೀಕ್ಷೆಯೂ ಒಂದೇ ಕುಲುಮೆಯ ಬಳಿ ಸಂಧಿಸಿದವೆಂಬುದು ನನಗೆ ಬಹಳ ಹಿತವಾದ ಸಂಗತಿ.

ಕನ್ನಡ ನಾಡಿಗೆ ದೊಡ್ಡ ಪ್ರಮಾಣದ ವಿದ್ಯುತ್ತು ಬಂದುದು ಕಾಳಿಯಿಂದಲ್ಲ, ಕಾವೇರಿಯಿಂದ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ ಸಂಕಲ್ಪಿತವಾಗಿ, ಅವರ ಮರಣದ ಮರುವರ್ಷ, 1902ರ ಜೂನ್ 30ರಂದು, ಶಿವನಸಮುದ್ರದ ನೀರಿನಿಂದ ಹುಟ್ಟಿದ ಶಕ್ತಿಯು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಮೂವತ್ತು ಸಾವಿರ ವೋಲ್ಟುಗಳ ಸುಮಾರಿನ ಒತ್ತಡದಲ್ಲಿ ಅಷ್ಟು ದೂರ ತಂತಿ ಎಳೆಯುವುದು ಆ ಕಾಲಕ್ಕೆ ಜಗತ್ತಿನಲ್ಲಿಯೇ ಸಾಹಸದ ಕೆಲಸವಾಗಿತ್ತು. ಚಕ್ರಗಳು ಸ್ವಿಟ್ಸರ್ಲೆಂಡಿನ ಎಷರ್ ವಿಸ್ ಕಂಪನಿಯವು, ವಿದ್ಯುದ್ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯವು. ನೀರು, ನೆಲ, ದುಡಿಮೆ ನಮ್ಮವಾದರೂ, ನೀರಿನ ಶಕ್ತಿಯನ್ನು ಹತೋಟಿಯಲ್ಲಿಡುವ ಸಾಮಗ್ರಿಯೆಲ್ಲ ಹಡಗಿನಲ್ಲಿ ಬರಬೇಕಾಗಿದ್ದ ಕಾಲ ಅದು.

ಈ ಪರಾವಲಂಬನವನ್ನು ನೀಗಿಸಲು ಮೈಸೂರು ಸಂಸ್ಥಾನವು ಹಿಡಿದ ದಾರಿ ಕುಂಬಾರಿಕೆಯದು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ 1932ರಲ್ಲಿ ಬೆಂಗಳೂರಿನಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ನೆರೆಯಲ್ಲಿ, ಸರ್ಕಾರಿ ಪಿಂಗಾಣಿ ಕಾರ್ಖಾನೆ ಆರಂಭವಾಯಿತು. ಅದೇ ಮುಂದೆ ಮೈಸೂರು ಪಿಂಗಾಣಿ ಕಂಪನಿಯೆನಿಸಿ, 1970ರ ದಶಕದಲ್ಲಿ ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಅಂಗವಾಯಿತು. ಬಿಳಿಜೇಡಿ, ಫೆಲ್ಡ್‌ಸ್ಪಾರ್, ಬೆಣಚುಕಲ್ಲಿನ ಹಿಟ್ಟು, ಈ ಮೂರನ್ನು ನೀರಿನಲ್ಲಿ ನುಣ್ಣಗೆ ಅರೆದು, ಹಿಂಡಿ, ತಿಗರಿಯ ಮೇಲೋ ಅಚ್ಚಿನಲ್ಲಿಯೋ ರೂಪಕ್ಕೆ ತಂದು, ದಿನಗಟ್ಟಲೆ ನೆರಳಿನಲ್ಲಿ ಒಣಗಿಸಿ, ಹೊಳಪಿನ ಲೇಪವನ್ನು ಕೊಟ್ಟು, ಸುಮಾರು 1,300 ಡಿಗ್ರಿಯ ಭಟ್ಟಿಯಲ್ಲಿ ಬೇಯಿಸಿದರೆ, ಫೆಲ್ಡ್‌ಸ್ಪಾರ್ ಕರಗಿ ಗಾಜಾಗಿ ಉಳಿದ ಕಣಗಳ ಸಂದುಗೊಂದುಗಳನ್ನೆಲ್ಲ ತುಂಬಿ, ನೀರಿನ ಹನಿಯೂ ಹೊಗದ ಘನವಸ್ತುವೊಂದು ಸಿದ್ಧವಾಗುತ್ತದೆ. ಬೇಯುವಾಗ ಅದು ಹತ್ತರಲ್ಲಿ ಒಂದು ಪಾಲಿಗಿಂತಲೂ ಹೆಚ್ಚಾಗಿ ಕುಗ್ಗುವುದರಿಂದ, ಅಳತೆಯನ್ನು ಕುಗ್ಗುವ ಮೊದಲೇ ಊಹಿಸಿ ರೂಪಿಸಬೇಕು; ಮನೆಯ ಮಡಕೆಯಲ್ಲಿ ಒಂದು ಬೆರಳಿನ ವ್ಯತ್ಯಾಸ ಯಾರಿಗೂ ಕಾಣದು, ತಂತಿಯನ್ನು ಹೊರುವ ಪಿಂಗಾಣಿಯಲ್ಲಿ ಕೂದಲೆಳೆಯ ಬಿರುಕೂ ಪ್ರಾಣಾಂತಿಕ. ಘಟ್ಟದ ಸೀಮೆಯಲ್ಲಿ ಈ ಪಿಂಗಾಣಿಗೆ ಇನ್ನೂ ಕಠಿಣವಾದ ಒಂದು ಪರೀಕ್ಷೆಯುಂಟು. ಮಳೆಗಾಲದಲ್ಲಿ ಅದರ ಮೈಮೇಲೆ ನೀರಿನ ಪೊರೆ ಹರಿದು, ಸಿಡಿಲು ಬಡಿದೋ ಧೂಳು ನೆನೆದೋ ತಂತಿಯಿಂದ ಕಂಬಕ್ಕೆ ಕಿಡಿ ಹಾಯ್ದಾಗ, ಆ ಕಿಡಿಯ ಕಾವು ಕ್ಷಣಕಾಲ ಸಾವಿರಾರು ಡಿಗ್ರಿಗಳಿಗೆ ಏರುತ್ತದೆ; ಒಳಗಿನ ಕಬ್ಬಿಣವೇ ಕರಗುವ ಆ ಬೆಂಕಿಯನ್ನು ಲೇಪದ ಮೇಲೆ ಒಂದು ಕಲೆಯನ್ನಷ್ಟೇ ಉಳಿಸಿಕೊಂಡು ದಾಟಬಲ್ಲುದು ಭಟ್ಟಿಯಲ್ಲಿ ಬೆಂದ ಮಣ್ಣು. ಪಿಂಗಾಣಿಯ ಬಟ್ಟಲುಗಳಿಗೆ ಲಂಗದ ನೆರಿಗೆಯಂಥ ಅಂಚುಗಳಿರುವುದು ಅಂದಕ್ಕಲ್ಲ. ಮಳೆಯಲ್ಲಿಯೂ ಅಡಿಭಾಗದ ಕೊಂಚ ಜಾಗವಾದರೂ ಒಣಗಿ ಉಳಿಯಲೆಂದು.

ಆದರೆ ಪಿಂಗಾಣಿ ಬಾಗದು. ಕಂಬದ ಮೇಲೆ ನಿಲ್ಲಬಲ್ಲುದೇ ಹೊರತು, ಯಂತ್ರದ ಹೊಟ್ಟೆಯೊಳಗೆ, ಉಕ್ಕಿನ ಹಲ್ಲುಗಳ ನಡುವಣ ಇಕ್ಕಟ್ಟಾದ ಸೀಳಿನಲ್ಲಿ, ತಾಮ್ರದ ಪಟ್ಟಿಯನ್ನು ಬಟ್ಟೆಯಂತೆ ಸುತ್ತಿಕೊಳ್ಳಲಾರದು. ಅಲ್ಲಿಗೆ ಬೇಕಾದುದು ಅಭ್ರಕ. ಬೆರಳ ತುದಿಯಿಂದ ಸುಲಿದಷ್ಟೂ ಸುಲಿಯುವ, ಕಾಗದಕ್ಕಿಂತ ತೆಳ್ಳಗಾದರೂ ಸಾವಿರಾರು ವೋಲ್ಟುಗಳಿಗೆ ಮಣಿಯದ ಕಲ್ಲು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಜಗತ್ತಿನ ಹಾಳೆ ಅಭ್ರಕದ ಬಹುಭಾಗವನ್ನು ಒದಗಿಸಿದ್ದು ಭಾರತ. ಅದರಲ್ಲಿಯೂ ಮುಖ್ಯವಾಗಿ ಇಂದಿನ ಝಾರ್ಖಂಡದ ಕೋಡರ್ಮಾ ಸೀಮೆ ಮತ್ತು ಆಂಧ್ರದ ನೆಲ್ಲೂರು ಸೀಮೆ. ಅಲ್ಲಿಯ ಹೆಂಗಸರೂ ಗಂಡಸರೂ ನೆಲದ ಮೇಲೆ ಕುಳಿತು ಕುಡುಗೋಲಿನ ಅಲಗಿನಿಂದ ಅಂಚು ಸವರಿ ಪದರ ಬಿಡಿಸಿದ ಹಾಳೆಗಳೇ ಲಂಡನ್ನಿನ, ಬರ್ಲಿನ್ನಿನ, ಸ್ಕೆನೆಕ್ಟಡಿಯ ಯಂತ್ರಗಳೊಳಗೆ ಸೇರಿದವು. ಎರಡನೆಯ ಮಹಾಯುದ್ಧದಲ್ಲಿ ಈ ವಸ್ತುವಿನ ಅಭಾವದ ಭಯದಿಂದ ಬ್ರಿಟಿಷ್ ಮತ್ತು ಅಮೆರಿಕನ್ ಸರ್ಕಾರಗಳು ಜೊತೆಗೂಡಿ ಕಲ್ಕತ್ತೆಯಲ್ಲಿ ಅಭ್ರಕ ಖರೀದಿಯ ಜಂಟಿ ಮಿಷನ್ನನ್ನೇ ತೆರೆದವು. ಕಾಗೆಯ ಬಂಗಾರಕ್ಕೆ ಆಗ ನಿಜವಾದ ಬಂಗಾರದ ಮರ್ಯಾದೆ ಸಿಕ್ಕಿತು.

ದೊಡ್ಡ ಹಾಳೆಗಳು ದುರ್ಲಭವಾದ್ದರಿಂದ ಚೂರುಗಳನ್ನು ಅಂಟಿಸಿ ಹಾಳೆ ಮಾಡುವ ಉಪಾಯವನ್ನು 1890ರ ದಶಕದಲ್ಲಿಯೇ ಕಂಡುಕೊಂಡಿದ್ದರು. ಮೈಕನೈಟ್ ಎಂದು ಅದರ ಹೆಸರು. ಅಂಟು ಯಾವುದು? ಅರಗು! ಚನ್ನಪಟ್ಟಣದ ಗೊಂಬೆಗೆ ಬಣ್ಣ ಮೆತ್ತುವ ಅರಗೇ. ಅಭ್ರಕ ಎಷ್ಟು ಕಾವನ್ನು ತಾಳಿದರೂ ಅರಗು ಕುದಿಯುವ ನೀರಿಗಿಂತ ಕಡಿಮೆಯ ಕಾವಿನಲ್ಲಿಯೇ ಮೆತ್ತಗಾಗುವುದರಿಂದ, ಕವಚದ ಬಲ ಅದರ ಅತಿ ದುರ್ಬಲವಾದ ಅಂಗದ ಬಲವಾಯಿತು. ಅರಗಿನ ಬದಲು ಡಾಂಬರಿನ ಜಾತಿಯ ಅಂಟು ಬಂತು. ಅದಕ್ಕೂ ಬೆಚ್ಚಗಾದಾಗ ಜಾರುವ ಚಾಳಿ. ಮುಂದಿನ ಅರ್ಧ ಶತಮಾನದ ಇತಿಹಾಸವೆಲ್ಲ, ಸಂಕ್ಷೇಪವಾಗಿ ಹೇಳುವುದಾದರೆ, ಅಭ್ರಕಕ್ಕೆ ಯೋಗ್ಯವಾದ ಅಂಟಿನ ಅನ್ವೇಷಣೆ. ಒಳ್ಳೆಯ ವರನಿಗೆ ತಕ್ಕ ಸಂಬಂಧ ದೊರಕದೆ ಹಿರಿಯರು ಊರೂರು ಅಲೆದಂತೆ.

ಈ ಅಲೆದಾಟಕ್ಕೆ ಒಂದು ಅಳತೆಗೋಲನ್ನು ಕೊಟ್ಟವರು ಸ್ಟೈನ್‌ಮೆಟ್ಸ್ ಮತ್ತು ಲ್ಯಾಮ್ ಎಂಬ ಇಬ್ಬರು ಅಮೆರಿಕನ್ ಎಂಜಿನಿಯರರು. 1913ರಲ್ಲಿ ಅವರು ಹತ್ತಿ, ರೇಷ್ಮೆ, ಕಾಗದಗಳನ್ನು ಒಂದು ವರ್ಗಕ್ಕೂ, ಅಂಟು ಹಚ್ಚಿದ ಅಭ್ರಕ ಕಲ್ನಾರುಗಳನ್ನು ಎರಡನೆಯದಕ್ಕೂ, ಬೆಂಕಿಗೆ ಅಂಜದ ಶುದ್ಧ ಅಭ್ರಕ ಪಿಂಗಾಣಿಗಳನ್ನು ಮೂರನೆಯದಕ್ಕೂ ಸೇರಿಸಿ, ಯಾವುದಕ್ಕೆ ಎಷ್ಟು ಕಾವು ಸಲ್ಲುವುದೆಂದು ವಿಂಗಡಿಸಿದರು. ಅದರಿಂದಲೇ ಬೆಳೆದ ಅಕ್ಷರಮಾಲೆ ಇಂದಿಗೂ ನಮ್ಮ ಮೋಟಾರುಗಳ ತಗಡಿನ ಮೇಲೆ ಅಚ್ಚಾಗಿದೆ: ಎ ಎಂದರೆ 105 ಡಿಗ್ರಿ, ಬಿ ಎಂದರೆ 130, ಎಫ್ ಎಂದರೆ 155, ಎಚ್ ಎಂದರೆ 180. 1930ರಲ್ಲಿ ಮಾಂಟ್ಸಿಂಗರ್ ಎಂಬಾತನು ಟ್ರಾನ್ಸ್‌ಫಾರ್ಮರುಗಳನ್ನು ಪರೀಕ್ಷಿಸಿ, ಕಾವು ಪ್ರತಿ 8 ಡಿಗ್ರಿ ಏರಿದಂತೆ ಒಳಗಿನ ಕವಚದ ಆಯುಸ್ಸು ಅರ್ಧಕ್ಕೆ ಇಳಿಯುವುದೆಂಬ ಸೂತ್ರವನ್ನು ಮುಂದಿಟ್ಟನು. ಮನುಷ್ಯನ ಆಯುಸ್ಸನ್ನು ಇಷ್ಟು ಖಚಿತವಾಗಿ ಹೇಳಬಲ್ಲ ಜೋಯಿಸರು ನಮ್ಮ ಸೀಮೆಯಲ್ಲಿ ಇಲ್ಲ.

ಇಷ್ಟೆಲ್ಲ ಹೊರಗೆ ನಡೆಯುತ್ತಿರುವಾಗ ಕಾಳಿಯ ಕಣಿವೆ ಕಾಡಿನ ನಿದ್ರೆಯಲ್ಲಿತ್ತು. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದುದು. ಶಿವನಸಮುದ್ರದ ಬೆಳಕು ಹಳಿಯಾಳಕ್ಕೆ ಪರದೇಶದ ಸುದ್ದಿ. ಡಿಗ್ಗಿಯ ಬಳಿ ಹುಟ್ಟಿದ ನದಿಯು ಸೂಪಾವನ್ನು ಹಾಯ್ದು, ದಾಂಡೇಲಿಯ ಸಾಗುವಾನಿಯ ನೆರಳಿನಲ್ಲಿ ಸಾಗಿ, ಘಟ್ಟವನ್ನಿಳಿದು, ಸದಾಶಿವಗಡದ ಬುಡದಲ್ಲಿ ಕಡಲನ್ನು ಸೇರುತ್ತಿತ್ತು. ಅಳ್ನಾವರದಿಂದ ದಾಂಡೇಲಿಗೆ ಬಂದ ರೈಲುದಾರಿಯೂ ಮರವನ್ನು ಸಾಗಿಸುವುದಕ್ಕಾಗಿಯೇ ಬಂದುದು. 1950ರ ದಶಕದಲ್ಲಿ ಮಾತ್ರ ದಾಂಡೇಲಿಯ ಚಹರೆ ಬದಲಾಯಿತು. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಕಾಡಿನ ಬಿದಿರನ್ನು ಕಾಗದವಾಗಿಸತೊಡಗಿತು. ಸೂಪಾ ಸೀಮೆಯ ಮ್ಯಾಂಗನೀಸ್ ಅದಿರನ್ನು ನೆಚ್ಚಿ ಫೆರೋ ಮ್ಯಾಂಗನೀಸ್ ಕಾರ್ಖಾನೆಯೂ ಎದ್ದಿತು.

ಈ ಎರಡನೆಯ ಉದ್ಯಮದ ಕುಲುಮೆ ನಮ್ಮ ವಿಷಯಕ್ಕೆ ತೀರ ಹತ್ತಿರದ್ದು. ಅಂಥ ಕುಲುಮೆಯಲ್ಲಿ ಅದಿರು, ಇದ್ದಿಲು, ಸುಣ್ಣದ ಕಲ್ಲುಗಳ ರಾಶಿಯೊಳಗೆ ಮರದ ಬೊಡ್ಡೆಯಷ್ಟು ದಪ್ಪನಾದ ಮೂರು ಇಂಗಾಲದ ಕಂಬಗಳು ಹೂತುಕೊಂಡಿರುತ್ತವೆ. ಅವುಗಳ ಮೂಲಕ ಹತ್ತಾರು ಸಾವಿರ ಆಂಪಿಯರುಗಳ ಪ್ರವಾಹ ಇಳಿದು, ಒಡಲಿನಲ್ಲಿ 1,300 ಡಿಗ್ರಿಗೂ ಮೀರಿದ ಕಾವನ್ನು ಹುಟ್ಟಿಸಿ, ಅದಿರಿನಿಂದ ಲೋಹವನ್ನು ಕರಗಿಸಿ ಬೇರ್ಪಡಿಸುತ್ತದೆ. ವಿಚಿತ್ರವೆಂದರೆ ಇಲ್ಲಿ ವಿದ್ಯುತ್ತಿನ ಒತ್ತಡ ಬಹಳ ಕಡಿಮೆ. ಹಲವೊಮ್ಮೆ ಮನೆಯ ದೀಪಕ್ಕೆ ಬರುವುದಕ್ಕಿಂತಲೂ ಕಡಿಮೆಯೇ. ಕಂಬದ ಮೇಲಿನ ಪಿಂಗಾಣಿಗೆ ಒತ್ತಡದ ಭಯವಾದರೆ, ಕುಲುಮೆಯ ಹಿಡಿಗಳ ನಡುವೆ ಸಿಕ್ಕಿಸಿದ ನಿರೋಧಕದ ಹಲಗೆಗೆ ಕಾವಿನದೇ ಭಯ. ಕರಗಿದ ಲೋಹದ ಸಿಡಿತ, ಉರಿಯುವ ಅನಿಲ, ಎಲ್ಲೆಲ್ಲಿಯೂ ಕೂರುವ ಇದ್ದಿಲ ಪುಡಿ, ಇವುಗಳ ನಡುವೆ ನಿಂತು ಒಂದು ಕಬ್ಬಿಣದಿಂದ ಇನ್ನೊಂದು ಕಬ್ಬಿಣವನ್ನು ದೂರವಿಡಬೇಕಾದ ಆ ಕೆಲಸಕ್ಕೆ ಆ ಕಾಲದಲ್ಲಿ ಇಂಥ ಕುಲುಮೆಗಳಲ್ಲೆಲ್ಲ ಬಳಸುತ್ತಿದ್ದುದು ಮೈಕನೈಟನ್ನೂ ಕಲ್ನಾರನ್ನೂ. ಕಲ್ನಾರು, ಹೆಸರೇ ಹೇಳುವಂತೆ, ನಾರಿನಂತೆ ನೂಲಬಹುದಾದ ಕಲ್ಲು. ನಮ್ಮ ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತ ಅದರ ನಿಕ್ಷೇಪಗಳಿವೆ. ಬೆಂಕಿಯನ್ನು ತಡೆದ ಆ ನಾರು ಅದನ್ನು ಕತ್ತರಿಸಿದವರ ಶ್ವಾಸಕೋಶವನ್ನು ಹೊಕ್ಕು ಕಡುರೋಗಗಳನ್ನು ತರುವುದೆಂಬ ಸತ್ಯ ಜನಸಾಮಾನ್ಯರಿಗೆ ತಲುಪುವ ಹೊತ್ತಿಗೆ ಎಷ್ಟು ಮಂದಿ ಅದರ ಧೂಳನ್ನು ಉಸಿರಾಡಿದ್ದರೋ!

ಸೂಪಾದ ಕಥೆಯನ್ನು ನಾಡು ಬಲ್ಲುದಾದ್ದರಿಂದ ಬೇಗ ದಾಟುತ್ತೇನೆ. 1974ರಲ್ಲಿ ಗಣೇಶಗುಡಿಯ ಬಳಿ ಆರಂಭವಾದ 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಪೂರ್ಣವಾಗುವಷ್ಟರಲ್ಲಿ ತಾಲ್ಲೂಕಿನ ಮುಖ್ಯಸ್ಥಳವಾಗಿದ್ದ ಸೂಪಾ ನೀರಿನ ಪಾಲಾಗಿ, ಕಚೇರಿಗಳು ಜೋಯಿಡಾಕ್ಕೂ ಬಹುಮಂದಿ ನಿವಾಸಿಗಳು ರಾಮನಗರಕ್ಕೂ ಎದ್ದುಹೋಗಿದ್ದರು. ನೀರು ಅಲ್ಲಿಂದ ಬೊಮ್ಮನಹಳ್ಳಿಯ ಜಲಾಶಯಕ್ಕೆ ಬಂದು, ಸುರಂಗವನ್ನು ಹೊಕ್ಕು, ಮುನ್ನೂರು ಮೀಟರಿಗೂ ಮಿಗಿಲಾದ ಎತ್ತರದಿಂದ ಉಕ್ಕಿನ ಕೊಳವೆಗಳಲ್ಲಿ ಧುಮುಕಿ, ಅಂಬಿಕಾನಗರದ ಕೆಳಗಣ ನಾಗಝರಿಯಲ್ಲಿ ಆರು ಯಂತ್ರಗಳನ್ನು ತಿರುಗಿಸುತ್ತದೆ. ಒಂದೊಂದರ ಮೂಲ ಸಾಮರ್ಥ್ಯ 135 ಮೆಗಾವಾಟ್.

ಇಂಥ ಯಂತ್ರದೊಳಗಿನ ಕಾವನ್ನು ಊಹಿಸಲು ನಮ್ಮ ಇಸ್ತ್ರಿಪೆಟ್ಟಿಗೆಯೇ ಸಾಕು. ಎಷ್ಟೇ ಚೊಕ್ಕವಾಗಿ ಕಟ್ಟಿದ ಯಂತ್ರವಾದರೂ ನೂರಕ್ಕೆ ಒಂದೂವರೆ ಪಾಲು ಶಕ್ತಿ ಒಳಗೇ ಶಾಖವಾಗಿ ಕಳೆಯಿತೆಂದು ಹಿಡಿಯೋಣ. 135 ಮೆಗಾವಾಟಿನಲ್ಲಿ ಒಂದೂವರೆ ಪಾಲೆಂದರೆ ಎರಡು ಮೆಗಾವಾಟ್. ಸಾವಿರ ವಾಟಿನ ಎರಡು ಸಾವಿರ ಇಸ್ತ್ರಿಪೆಟ್ಟಿಗೆಗಳನ್ನು ಒಂದು ಕೋಣೆಯಲ್ಲಿ ಪೇರಿಸಿ, ಹಗಲಿರುಳೂ ಆರಿಸದೆ ಬಿಟ್ಟಂತೆ! ಗಾಳಿಯೂ, ಗಾಳಿಯನ್ನು ತಣಿಸುವ ನದಿಯ ನೀರೂ ಈ ಕಾವನ್ನು ಒಯ್ಯುತ್ತಲೇ ಇರುತ್ತವೆ. ಆದರೂ ತಾಮ್ರದ ಪಟ್ಟಿ ಬಿಸಿಯಾಗಿಯೇ ಇರುವುದು. ಅದನ್ನು ಸುತ್ತಿದ ಕೆಲವೇ ಮಿಲಿಮೀಟರ್ ದಪ್ಪದ ಕವಚವು ಒಂದು ಕಡೆ ಹತ್ತು ಸಾವಿರಕ್ಕೂ ಮಿಗಿಲಾದ ವೋಲ್ಟುಗಳನ್ನೂ, ಇನ್ನೊಂದು ಕಡೆ ಭೂಮಿಗೆ ಕಟ್ಟಿದ ಉಕ್ಕನ್ನೂ ಇಟ್ಟುಕೊಂಡು, ನಡುವೆ ಸೆಕೆಂಡಿಗೆ ನೂರು ಸಲ ನಡುಗುತ್ತ, ದಶಕಗಟ್ಟಲೆ ನಿಲ್ಲಬೇಕು.

ಅಭ್ರಕಕ್ಕೆ ತಕ್ಕ ಸಂಬಂಧ ಒದಗಿದ್ದು ಇಂಥ ಯಂತ್ರಗಳ ಕಾಲದಲ್ಲಿಯೇ. ಗಣಿಯಲ್ಲಿ ಕಸವಾಗಿ ಬಿದ್ದಿದ್ದ ಅಭ್ರಕದ ಚೂರುಗಳನ್ನು ನುಚ್ಚಾಗಿಸಿ, ನೀರಿನಲ್ಲಿ ತಿಳಿಗಂಜಿಯಂತೆ ಕದಡಿ, ಚಲಿಸುವ ಜಾಳಿಗೆಯ ಮೇಲೆ ಹರಡಿ, ನೀರನ್ನು ಹಿಂಡಿ, ಸುರುಳಿ ಸುತ್ತುವ ವಿದ್ಯೆ ಎರಡನೆಯ ಯುದ್ಧದ ಆಸುಪಾಸಿನಲ್ಲಿ ಫ್ರಾನ್ಸಿನಲ್ಲಿ ಸಿದ್ಧಿಸಿತು. ಎಂದರೆ ದಾಂಡೇಲಿಯಲ್ಲಿ ಬಿದಿರಿನ ತಿರುಳು ಕಾಗದವಾಗುವ ಕ್ರಮದಲ್ಲಿಯೇ ಕಲ್ಲೂ ಕಾಗದವಾಯಿತು. ಆ ಕಲ್ಲಿನ ಕಾಗದಕ್ಕೆ ಗಾಜಿನ ನೂಲಿನ ಬಟ್ಟೆಯನ್ನು ಬೆನ್ನಾಗಿ ಕೊಟ್ಟು, ತಾಮ್ರಕ್ಕೆ ಸುತ್ತಿ, ಗಾಳಿಯನ್ನೆಲ್ಲ ಹೀರಿ ತೆಗೆದು, ಎಪಾಕ್ಸಿ ಎಂಬ ಕೃತಕ ರಾಳವನ್ನು ಒತ್ತಡದಿಂದ ಒಳನುಗ್ಗಿಸಿ ಬೇಯಿಸಿದರೆ, ಅರಗಿನಂತೆ ಮತ್ತೆ ಕರಗದ, ಡಾಂಬರಿನಂತೆ ಜಾರದ, 155 ಡಿಗ್ರಿಯ ಎಫ್ ವರ್ಗಕ್ಕೆ ಸಲ್ಲುವ ಕವಚವಾಗುತ್ತದೆ. ಒಳಗೆ ಗಾಳಿಯ ಗುಳ್ಳೆ ಉಳಿದರೆ ಅಲ್ಲಿ ಸಣ್ಣ ಕಿಡಿಗಳು ಹುಟ್ಟಿ ಕವಚವನ್ನು ಗೆದ್ದಲಿನಂತೆ ತಿನ್ನುವುದರಿಂದ, ಆ ಶೂನ್ಯಕ್ರಿಯೆಯೇ ಇಡೀ ಕೆಲಸದ ಜೀವಾಳ.

ಹೊಸ ಕವಚದ ಇನ್ನೊಂದು ಗುಣ ತೆಳ್ಳಗಿರುವುದು. ಹಳೆಯ ಯಂತ್ರದ ಉಕ್ಕಿನ ಸೀಳನ್ನು ಅಗಲಮಾಡಲಾಗದು. ಆದರೆ ದಪ್ಪನೆಯ ಹಳೆಯ ಕವಚದ ಜಾಗದಲ್ಲಿ ತೆಳ್ಳನೆಯದನ್ನು ಹಾಕಿದರೆ ಉಳಿದ ಎಡೆಗೆ ಹೆಚ್ಚು ತಾಮ್ರವನ್ನು ತುಂಬಬಹುದು, ಹೆಚ್ಚು ಕಾವಿಗೂ ಒಪ್ಪಬಹುದು. ಹಳೆಯ ಜಲವಿದ್ಯುತ್ ಯಂತ್ರಗಳ ಸಾಮರ್ಥ್ಯವನ್ನು ಏರಿಸುವಾಗ ಸುರುಳಿಯನ್ನು ಹೀಗೆ ಬದಲಿಸುವುದು ಲೋಕದಲ್ಲೆಲ್ಲ ರೂಢಿಯಾಗಿದೆ. ಶರಾವತಿಯ ಹತ್ತು ಯಂತ್ರಗಳು ತಲಾ 89.1 ಮೆಗಾವಾಟಿನಿಂದ 103.5ಕ್ಕೆ ಏರಿದವು, ನಾಗಝರಿಯವು ಒಂದೊಂದಾಗಿ 135ರಿಂದ 150ಕ್ಕೆ ಏರತೊಡಗಿದವು. ಇದರ ಶ್ರೇಯಸ್ಸನ್ನೆಲ್ಲ ಕವಚಕ್ಕೇ ಕಟ್ಟುವುದು ಅತಿರೇಕವಾದೀತು. ಚಕ್ರ, ತಂಪು ಮಾಡುವ ವ್ಯವಸ್ಥೆ, ಮೊದಲೇ ಎಂಜಿನಿಯರರು ಉಳಿಸಿಟ್ಟ ಅಂತರ, ಇವಕ್ಕೂ ಪಾಲುಂಟು. ಆದರೂ ಲೆಕ್ಕವನ್ನು ನೋಡಿ: ಶರಾವತಿಯಲ್ಲಿ ಹೀಗೆ ಕೂಡಿಬಂದ ಶಕ್ತಿ 144 ಮೆಗಾವಾಟ್, 1948ರ ಹೊತ್ತಿಗೆ ನಾಡೇ ಬೆರಗಾಗಿ ನೋಡಿದ ಜೋಗದ ವಿದ್ಯುದಾಗಾರದ ಮೂಲ ಸಾಮರ್ಥ್ಯ 120. ಹೊಸ ಅಣೆಕಟ್ಟಿಲ್ಲ, ಮುಳುಗಿದ ಊರಿಲ್ಲ, ಕಡಿದ ಮರವಿಲ್ಲ. ಇದ್ದ ಯಂತ್ರಗಳ ಒಡಲಲ್ಲಿಯೇ ಜೋಗಕ್ಕಿಂತ ದೊಡ್ಡದೊಂದು ವಿದ್ಯುದಾಗಾರ ದೊರೆಯಿತು. ಸೂಪಾದ ಜನ ಗಂಟುಮೂಟೆ ಕಟ್ಟಿದ ಕಾಲಕ್ಕೆ ಈ ದಾರಿ ಯಾರ ಮಾತಿನಲ್ಲಿಯೂ ಇರಲಿಲ್ಲವಲ್ಲ ಎಂಬ ಖೇದ ನನ್ನಿಂದ ದೂರವಾಗಿಲ್ಲ.

ನಾಗಝರಿಯ ಶಕ್ತಿಯು ಹುಬ್ಬಳ್ಳಿಯ ಕಡೆಗೂ, ದಾಂಡೇಲಿಯ ಅಂಬೇವಾಡಿಯಿಂದ ಗೋವೆಯ ಫೋಂಡಾದ ಕಡೆಗೂ 220 ಕಿಲೋವೋಲ್ಟಿನ ತಂತಿಗಳಲ್ಲಿ ಹೋಗುತ್ತದೆ. ಕಾಡನ್ನು ಸೀಳಿದ ಆ ದಾರಿಗಳಲ್ಲಿ ನಿಂತು ತಲೆಯೆತ್ತಿದರೆ, ಗೋಪುರಗಳ ತೋಳುಗಳಿಂದ ಪಿಂಗಾಣಿಯ ಬಟ್ಟಲುಗಳು ಮಣಿಸರದಂತೆ ಜೋಲುತ್ತಿರುವುದು ಕಾಣುತ್ತದೆ. ಅವುಗಳ ಕೆಳಗೆ ಜೋಯಿಡಾದ ಎಷ್ಟೋ ಕುಣಬಿ ಹಾಡಿಗಳು ಚಿಮಣಿಯ ಬೆಳಕಿನಲ್ಲಿಯೇ ಬಹುಕಾಲ ಕಳೆದವು. ಬಯಲಿನ ಕಡೆಯ ಮುಂಡಗೋಡದ ಕಥೆ ಬೇರೆ. ಅಲ್ಲಿ ಭತ್ತ, ಗೋವಿನಜೋಳಗಳ ಹೊಲಗಳ ನಡುವೆ ಪಂಪುಸೆಟ್ಟುಗಳು ಎಷ್ಟು ಬೆಳೆದವೋ ಕಂಬದ ಮೇಲಿನ ಟಿ.ಸಿ.ಗಳ, ಎಂದರೆ ಟ್ರಾನ್ಸ್‌ಫಾರ್ಮರುಗಳ, ಮೇಲಣ ಹೊರೆಯೂ ಅಷ್ಟೇ ಬೆಳೆಯಿತು. ಟಿ.ಸಿ.ಯೊಳಗಿನ ಕವಚ ಇಂದಿಗೂ ಎಣ್ಣೆಯಲ್ಲಿ ನೆನೆದ ಕಾಗದವೇ. 105 ಡಿಗ್ರಿಯ ಎ ವರ್ಗ. ಬೇಸಿಗೆಯಲ್ಲಿ ನಾಲ್ಕು ಮೋಟಾರಿನ ಜಾಗದಲ್ಲಿ ಏಳು ಎಳೆದಾಗ, ಮಾಂಟ್ಸಿಂಗರನ ಸೂತ್ರ ಯಾರಿಗೂ ಹೇಳದೆ ತನ್ನ ಲೆಕ್ಕವನ್ನು ನಡೆಸುತ್ತದೆ. “ಟೀಸಿ ಸುಟ್ಟತ್ರೀ” ಎಂದು ಒಂದು ಸಂಜೆ ಊರಿನಲ್ಲಿ ಸುದ್ದಿಯಾಗುವುದು. ಸುಡುವ ಕೆಲಸ ನಡೆದಿರುವುದು ಮೂರು ಬೇಸಿಗೆಗಳಿಂದ.

ಕಾಳಿಯ ಕೊನೆಯ ಜಲಾಶಯ ಕದ್ರಾ. ಅದರ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಪರಮಾಣು ಘಟಕಗಳಿವೆ. ಸುಮಾರು 300 ಡಿಗ್ರಿಗೆ ಕಾದ ಭಾರಜಲವೂ ಕಣ್ಣಿಗೆ ಕಾಣದ ವಿಕಿರಣವೂ ಒಟ್ಟಿಗೆ ಇರುವ ರಿಯಾಕ್ಟರಿನ ಒಡಲಿನಿಂದ ಒಂದು ಅಳತೆಯ ಸುದ್ದಿಯನ್ನು ಹೊರತರಬೇಕಾದರೆ ರಾಳವಾಗಲಿ ರಬ್ಬರಾಗಲಿ ಕೆಲಸಕ್ಕೆ ಬಾರವು. ವಿಕಿರಣಕ್ಕೆ ಅವು ಗಡುಸಾಗಿ ಪುಡಿಯಾಗುತ್ತವೆ. ಇಂಥ ಎಡೆಗಳಲ್ಲಿ ಬಳಸುವ ಕೇಬಲ್ಲಿನ ರಚನೆ ಬಹಳ ಸರಳ: ಲೋಹದ ಸಣ್ಣ ಕೊಳವೆ, ನಡುವೆ ತಂತಿ, ತಂತಿಗೂ ಕೊಳವೆಗೂ ನಡುವೆ ಗಟ್ಟಿಯಾಗಿ ಒತ್ತಿ ತುಂಬಿದ ಮೆಗ್ನೀಷಿಯಾ ಎಂಬ ಬಿಳಿಯ ಪುಡಿ. ಈ ವಿಧಾನಕ್ಕೆ 1896ರಲ್ಲಿಯೇ ಸ್ವಿಟ್ಸರ್ಲೆಂಡಿನ ಬೋರೆಲ್ ಎಂಬಾತನು ಹಕ್ಕುಪತ್ರ ಪಡೆದಿದ್ದನು. ತಾಮ್ರ 1,085 ಡಿಗ್ರಿಯಲ್ಲಿ ಕರಗಿದರೆ ಮೆಗ್ನೀಷಿಯಾ ಕರಗಲು 2,800 ಡಿಗ್ರಿ ಬೇಕು; ಕಾಯಬೇಕಾದ ತಂತಿಯೇ ನೀರಾಗಿ ಹೋದ ಮೇಲೂ ಕಾವಲುಗಾರ ನಿಂತೇ ಇರುತ್ತಾನೆ. ಅದರ ಒಂದೇ ದೌರ್ಬಲ್ಯ ತೇವ: ತುದಿಯನ್ನು ತೆರೆದಿಟ್ಟರೆ ಗಾಳಿಯ ಪಸೆಯನ್ನು ಹೀರಿಕೊಂಡು ಕೆಡುತ್ತದೆ, ನಮ್ಮ ಮಳೆಗಾಲದ ಉಪ್ಪಿನ ಭರಣಿಯಂತೆ. ಇಂಥ ಕಾವಲಿನ ನಡುವೆಯೇ ಕೈಗಾದ ಮೊದಲನೆಯ ಘಟಕವು 2016ರ ಮೇ ತಿಂಗಳಿನಿಂದ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಮ್ಮೆಯೂ ನಿಲ್ಲದೆ ನಡೆದು ಆಗಿನ ಮಟ್ಟಿಗೆ ವಿಶ್ವದಾಖಲೆಯನ್ನು ಮಾಡಿತು.

ಹಳಿಯಾಳದ ಅಂಗಡಿಯಲ್ಲಿ ಆ ದಿನ ಮೇಸ್ತ್ರಿಯವರು ಹೊಸ ತಂತಿಯನ್ನು ಹಳೆಯ ಅಭ್ರಕದ ಹಾಳೆಗೇ ಸುತ್ತಿ, ಮೇಲೊಂದು ಕೆಳಗೊಂದು ಹಾಳೆಯಿಟ್ಟು, ಪೆಟ್ಟಿಗೆಯನ್ನು ಮುಚ್ಚಿ ಕೊಟ್ಟರು. ಪಕ್ಕದಲ್ಲಿಯೇ ಯಾರೋ ತಂದಿಟ್ಟ ಹೊಸ ಮಾದರಿಯ ಇಸ್ತ್ರಿಪೆಟ್ಟಿಗೆಯೊಂದು ಬಿದ್ದಿತ್ತು. ಅದರ ಕಾಯುವ ಕೊಳವೆಯನ್ನು ಅಲ್ಯುಮಿನಿಯಮ್ಮಿನ ತಳದೊಳಗೇ ಎರಕ ಹೊಯ್ದುಬಿಟ್ಟಿದ್ದರಿಂದ ಬಿಚ್ಚುವ ಮಾತೇ ಇಲ್ಲ. “ಇದನ್ನ ರಿಪೇರಿ ಮಾಡಾಕ ಬರಂಗಿಲ್ರೀ, ಒಗೀಬೇಕಷ್ಟ” ಎನ್ನುತ್ತ ಅವರು, ತಳದಂಚಿನಲ್ಲಿ ಒಡೆದು ಹೊರಚಾಚಿದ್ದ ಆ ಕೊಳವೆಯ ತುದಿಯನ್ನು ಇಕ್ಕಳದಿಂದ ಹಿಡಿದು ಮೇಜಿನಂಚಿಗೆ ಎರಡು ಸಲ ಕುಟ್ಟಿದರು. ಸುಣ್ಣದಂಥ ಬಿಳಿಯ ಪುಡಿ ಒಂದು ಚಿಟಿಕೆಯಷ್ಟು ಉದುರಿತು. ಅದನ್ನು ಅಂಗೈಯಿಂದ ಒರೆಸಿ, ಕೈಯನ್ನು ಪ್ಯಾಂಟಿಗೆ ತಿಕ್ಕಿಕೊಂಡು, ಮುಂಡಗೋಡದಿಂದ ಬಂದಿದ್ದ ಸುಟ್ಟ ಮೋಟಾರಿನ ಬೋಲ್ಟನ್ನು ಬಿಚ್ಚತೊಡಗಿದರು.